ಕಲ್ಲು ಆರಿಸುವ ಕೈ

ಬೆಲ್ಟಿಗೆ ಸದ್ದೇ ಇರಲಿಲ್ಲ. ಬೆಳಗಿನಿಂದ ಮಾಲ್ಸುನಳಿಗೆ ಹಿಂಸೆಯಾಗುತ್ತಿದ್ದುದು ಅದೇ. ಗಣಿ ಮುಚ್ಚಿ ಎರಡು ವರ್ಷವಾದ ಮೇಲೆ ಅದರ ಕಚೇರಿಯ ಕಟ್ಟಡವನ್ನೇ ವಸ್ತುಸಂಗ್ರಹಾಲಯ ಮಾಡಲು ಹೊರಟವರು, ಕಲ್ಲಿದ್ದಲಿನಿಂದ ಕಲ್ಲು ಆರಿಸುವ ಶೆಡ್ಡಿನಿಂದ ಹನ್ನೆರಡು ಅಡಿ ಸಾಗಣೆ ಬೆಲ್ಟು ಕತ್ತರಿಸಿ ತಂದು, ತೊಳೆದು, ಒರೆಸಿ, ಬಿಸಿಲು ಬೀಳುವ ಹಜಾರದಲ್ಲಿ ಕೂರಿಸಿದ್ದರು. ಗುಂಡಿ ಒತ್ತಿದರೆ ಅದು ಕಳ್ಳ ಬೆಕ್ಕಿನ ಹಾಗೆ ಹೊರಡುತ್ತಿತ್ತು. ಇಪ್ಪತ್ತಾರು ವರ್ಷ ಅವಳು ನಿಂತಿದ್ದ ಬೆಲ್ಟು ಹೀಗಿರಲಿಲ್ಲ. ಅದರ ಪಕ್ಕ ನಿಂತವರು ಒಬ್ಬರ ತುಟಿ ನೋಡಿ ಇನ್ನೊಬ್ಬರು ಮಾತು ಓದಬೇಕಿತ್ತು. ಮುಖಗವಸು ಕಟ್ಟಿದ ಮೇಲೆ ಕಣ್ಣು ನೋಡಿ ಓದಬೇಕಿತ್ತು. ಪಾಳಿ ಮುಗಿಸಿ ಮನೆಗೆ ಬಂದು ಅನ್ನದ ಬಟ್ಟಲಿನ ಮುಂದೆ ಕೂತರೆ ಬಟ್ಟಲೂ ಎಡಗಡೆಗೆ ಹರಿದು ಹೋಗುತ್ತಿರುವಂತೆ ಕಾಣುತ್ತಿತ್ತು, ಅದನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಉಣ್ಣುತ್ತಿದ್ದಳು. ಈಗ ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಅವಳ ತಲೆಗೆ ಮತ್ತೆ ಬಟ್ಟೆ ಕಟ್ಟಿಸಿ, ಕೈಗೆ ಅಂಗಡಿಯ ವಾಸನೆ ಹೋಗದ ಹೊಸ ಕೈಗವಸು ತೊಡಿಸಿ, ತೊಳೆದ ಬೆಲ್ಟಿನ ಮುಂದೆ ನಿಲ್ಲಿಸಿದ್ದರು. ನಾಟಕಕ್ಕೆ ವೇಷ ಹಾಕಿಸಿಕೊಂಡು ಮಾತು ಮರೆತವಳ ಹಾಗೆ ಅವಳು ನಿಂತಿದ್ದಳು.

ಎದುರಿಗೆ ಕ್ಯಾಮೆರಾ ಹಿಡಿದವಳು ಹೇರಿನ್. ವಿಶ್ವವಿದ್ಯಾಲಯದಲ್ಲಿ ಕಲ್ಲುಗಳ ಬಗ್ಗೆ ಓದಿ, ಗಣಿಯ ಚರಿತ್ರೆ ಬರೆಯಲು ಬಂದಿದ್ದ ಹುಡುಗಿ. ಒಳ್ಳೆಯವಳೇ. ಆದರೆ ಪ್ರತಿಯೊಂದನ್ನೂ ಎರಡೆರಡು ಸಲ ಮಾಡಿಸುತ್ತಿದ್ದಳು.

"ಅಜ್ಜಿ, ಮುಖಗವಸು ಸ್ವಲ್ಪ ಕೆಳಗೆ ಎಳ್ಕೊಳ್ತೀರಾ? ಮುಖ ಕಾಣ್ತಿಲ್ಲ."

"ಕಾಣ್ಬಾರ್ದು ಅಂತಾನೇ ಕಟ್ಕೊಳ್ತಿದ್ದಿದ್ದು ಕಣಮ್ಮ."

"ಒಂದ್ ನಿಮಿಷ ಅಷ್ಟೇ. ಆಮೇಲೆ ಕಲ್ಲು ಬಿಡ್ತೀನಿ, ನೀವು ಆರಿಸಿ ಹೆಸರು ಹೇಳಿ. ಪುಸ್ತಕದ ಹೆಸರು ಬೇಡ, ನೀವು ಕರೀತಿದ್ದ ಹೆಸರು."

ಹೇರಿನ್ ಒಂದೊಂದೇ ಕಲ್ಲನ್ನು ಬೆಲ್ಟಿನ ಆ ತುದಿಯಲ್ಲಿ ಇಟ್ಟಳು. ಮೊದಲು ಬಂದದ್ದು ಹೊಳೆಯುವ ಹಳದಿ ಕಲ್ಲು. ಮಾಲ್ಸುನಳ ಕೈ ತಾನಾಗಿ ಮುಂದೆ ಹೋಗಿ ಅದನ್ನು ಎತ್ತಿತು. "ಇದು ಮೇಸ್ತ್ರಿ ಹಲ್ಲು," ಅಂದಳು. ಹೇರಿನ್ ನಕ್ಕು ಯಾಕೆಂದು ಕೇಳಿದಾಗ, ತಾಕ್ ಅಂತ ಒಬ್ಬ ಮೇಸ್ತ್ರಿ ಇದ್ದ, ಮುಂದಿನೆರಡು ಹಲ್ಲಿಗೆ ಚಿನ್ನ ಕಟ್ಟಿಸಿದ್ದ, ಬೈಯುವಾಗ ಮಾತ್ರ ಅದು ಕಾಣುತ್ತಿತ್ತು ಅಂದಳು. ಅದು ಗಂಧಕವೂ ಕಬ್ಬಿಣವೂ ಕೂಡಿದ ಖನಿಜ, ನೀರು ಗಾಳಿ ತಾಗಿದರೆ ಹುಳಿಯಾಗಿ ತುಕ್ಕು ಬಿಡುತ್ತದೆ, ಗಣಿಯ ನೀರೆತ್ತುವ ಪಂಪು ನಿಲ್ಲಿಸಿದ ಮೇಲೆ ಊರ ತೊರೆ ಕಿತ್ತಳೆ ಬಣ್ಣಕ್ಕೆ ತಿರುಗಿದ್ದು ಇದರಿಂದಲೇ ಎಂದು ಹೇರಿನ್ ವಿವರಿಸಿದಳು. ಆಮೇಲೆ ಬಿಳಿ ಕಲ್ಲು, ಅದು ಅನ್ನ. ಎಲೆಯ ಅಚ್ಚು ಬಿದ್ದದ್ದು, ಅದು ಸೊಪ್ಪು. ಮೂವತ್ತು ಕೋಟಿ ವರ್ಷದ ಹಿಂದಿನ ಜರೀಗಿಡ ಅಜ್ಜಿ ಇದು, ಅಂದಳು ಹೇರಿನ್. ಇರಬಹುದು. ಪಾಳಿಗೆ ಬುಟ್ಟಿಗಟ್ಟಲೆ ಅದನ್ನು ತೆಗೆದು ಕಸದ ಗಾಡಿಗೆ ಎಸೆಯುತ್ತಿದ್ದರು. ಕೊನೆಗೆ ಕಪ್ಪಗೆ, ನುಣ್ಣಗೆ, ಕಲ್ಲಿದ್ದಲಿನ ಹಾಗೇ ಇದ್ದ ಒಂದು ಚೂರು ಬಂತು. ಕಣ್ಣಿಗೆ ವ್ಯತ್ಯಾಸ ಸಿಗದು. ಮಾಲ್ಸುನ್ ಅದನ್ನು ಎತ್ತಿ, ಅಂಗೈಯಲ್ಲಿ ಒಮ್ಮೆ ಆಡಿಸಿ, ಆಚೆಗಿಟ್ಟಳು.

"ಇವನು ಕಳ್ಳ. ಕಲ್ಲಿದ್ದಲಿನ ವೇಷದ ಕಲ್ಲು. ಕಣ್ಣಿಗೆ ಮೋಸ ಮಾಡ್ತಾನೆ, ಕೈಗೆ ಆಗಲ್ಲ. ಕಲ್ಲಿದ್ದಲು ಹಗುರ, ಕಲ್ಲು ಭಾರ. ಮೂರು ತಿಂಗ್ಳು ನಿಂತ್ರೆ ಸಾಕು, ಕಣ್ಣು ಮುಚ್ಕೊಂಡೂ ಹೇಳ್ಬೋದು. ಭಾರದ ವಿಷ್ಯದಲ್ಲಿ ಕೈ ತಪ್ಪಲ್ಲ."

"ಕಲ್ಲು ಬಿಟ್ಟು ಬೇರೆ ಏನೇನು ಬರ್ತಿತ್ತು ಅಜ್ಜಿ?"

"ಬರ್ತಿತ್ತು. ತೊಲೆ ಚೂರು, ಮದ್ದಿನ ತಂತಿ, ಇಲಿ, ಚಮಚ. ಒಂದ್ಸಲ ಯಾರದ್ದೋ ಬುತ್ತಿ ಡಬ್ಬಿ, ಕಿಮ್ಚಿ ಸಮೇತ. ಬೂಟು."

ಆ ಮಾತು ಹೊರಗೆ ಬಂದು ನಿಂತಿತು. ಡಬ್ಬಿಯ ಹಿಂದೆ ಸಲೀಸಾಗಿ, ತಡೆಯಲು ಆಗುವ ಮೊದಲೇ.

"ಬೂಟಾ? ಒಂದೇನಾ?"

"ಒಂದು," ಅಂದಳು ಮಾಲ್ಸುನ್. ಆಮೇಲೆ ಗಂಟಲು ಒಣಗಿದೆ ಅಂದಳು. ಹೇರಿನ್ ಬೆಲ್ಟು ನಿಲ್ಲಿಸಿ ನೀರು ತರಲು ಓಡಿದಳು. ತಿರುಗಿ ಬಂದಾಗ ಅವಳ ತಲೆಯಲ್ಲಿ ಬೂಟು ಇರಲಿಲ್ಲ. ನಾಳೆ ಒಕ್ನಾಂ ಅಜ್ಜಿಯನ್ನು ಕರೆದುಕೊಂಡು ಬರಬೇಕು, ನೀವಿಬ್ಬರೂ ಒಂದೇ ಸಾಲಿನಲ್ಲಿ ನಿಂತವರಂತೆ, ಅವರಿಗೂ ಇದೇ ಪ್ರಶ್ನೆ ಕೇಳುತ್ತೇನೆ, ನೀವು ಹೇಳಿದ್ದನ್ನು ಅವರಿಗೆ ತೋರಿಸುತ್ತೇನೆ, ಅವರಿಗೆ ಇನ್ನಷ್ಟು ನೆನಪಾಗಬಹುದು ಅಂದಳು.

ಮನೆಗೆ ಮರಳುವ ಬಸ್ಸು ಸೇತುವೆ ದಾಟುವಾಗ ಮಾಲ್ಸುನ್ ತೊರೆಯನ್ನು ನೋಡಲಿಲ್ಲ. ಊರಿನವರು ಯಾರೂ ಈಗ ಅದನ್ನು ನೋಡುತ್ತಿರಲಿಲ್ಲ. ಮೊದಲು ಅದು ಕಪ್ಪಗೆ ಹರಿಯುತ್ತಿತ್ತು, ಆ ಕಪ್ಪಿಗೆ ಎಲ್ಲರೂ ಒಗ್ಗಿಹೋಗಿದ್ದರು. ಈ ಕಿತ್ತಳೆ ಬಣ್ಣ ಮಾತ್ರ ಯಾರಿಗೂ ಸಹಿಸಲಾಗುತ್ತಿರಲಿಲ್ಲ. ಮಾರ್ಚಿನಲ್ಲಿ ಪಂಪು ನಿಲ್ಲಿಸಿದ್ದು. ಅವಳ ಅಜ್ಜಂದಿರ ಕಾಲದಲ್ಲಿ, ಜಪಾನಿನವರು ಬಂದೂಕು ಹಿಡಿದು ತೋಡಿಸಿದ ಮೇಲಿನ ಸುರಂಗಗಳಿಂದ ಹಿಡಿದು ಕೊನೆಕೊನೆಗೆ ಒಂಬೈನೂರು ಮೀಟರು ಆಳಕ್ಕೆ ಇಳಿದ ಹೊಸ ಸುರಂಗಗಳ ತನಕ, ಎಲ್ಲದರಲ್ಲೂ ನೀರು ಮೇಲಕ್ಕೆ ಏರುತ್ತ ಬಂದು, ಆಗಸ್ಟಿನಲ್ಲಿ ಗಣಿಯ ಕೆಳಗಿನ ಬಾಯಿಂದ ತೊರೆಗೆ ಬಿತ್ತು. ಅಷ್ಟು ನೀರು ಅವನನ್ನೂ ಮುಟ್ಟಿ ಬಂದಿರಬೇಕು ಎಂದು ಒಕ್ನಾಂ ಒಂದು ಸಂಜೆ ಅಂದಿದ್ದಳು. ಮಾಲ್ಸುನ್ ಮೂಲಂಗಿಗೆ ಉಪ್ಪು ಹಚ್ಚುವುದರಲ್ಲಿ ಮುಳುಗಿದವಳ ಹಾಗೆ ತಲೆ ಬಗ್ಗಿಸಿದ್ದಳು.

ಅವನು ಒಕ್ನಾಂಳ ಗಂಡ. ಮೂವತ್ತೆಂಟು ವರ್ಷದ ಹಿಂದೆ, ಚಳಿಗಾಲದ ಒಂದು ಬೆಳಗಿನ ಪಾಳಿಯಲ್ಲಿ, ಹಳೆಯ ಸುರಂಗದಲ್ಲಿ ನಿಂತಿದ್ದ ನೀರು ಕಲ್ಲಿದ್ದಲಿನ ಪುಡಿಯನ್ನು ಕಲೆಸಿಕೊಂಡು ಗಂಜಿಯಾಗಿ ಗೋಡೆ ಒಡೆದು ನುಗ್ಗಿತ್ತು. ನಾಲ್ವರು ಒಳಗಿದ್ದರು. ಹನ್ನೊಂದನೆಯ ದಿನದೊಳಗೆ ಮೂವರು ಸಿಕ್ಕರು. ನಾಲ್ಕನೆಯವನಿಗಾಗಿ ಇಪ್ಪತ್ತೈದು ದಿನ ಹುಡುಕಿ, ಸುರಂಗಕ್ಕೆ ಗೋಡೆ ಕಟ್ಟಿ, ಬೆಟ್ಟದ ಮೇಲೆ ಅವನ ಬಟ್ಟೆಗಳನ್ನು ಹೂತು ಗುಡ್ಡೆ ಮಾಡಿದರು. ಗಂಡ ಸತ್ತ ಹೆಂಗಸರಿಗೆ ಬೆಲ್ಟಿನ ಕೆಲಸ ಕೊಡುವುದು ಗಣಿಯ ಪದ್ಧತಿ. ಮಾಲ್ಸುನ್ ಅದಕ್ಕೂ ಮೂರು ವರ್ಷ ಮೊದಲೇ ಹಾಗೆ ಬಂದವಳು. ಅವಳ ಗಂಡನ ಮೇಲೆ ಚಾವಣಿ ಕುಸಿದಿತ್ತು, ಆದರೆ ಅವನು ಇಡಿಯಾಗಿ ಸಿಕ್ಕಿದ್ದ. ಉಗುರಿನ ಸಂದಿಯ ಕಪ್ಪನ್ನೂ ಬಿಡದೆ ಅವಳೇ ಅವನನ್ನು ತೊಳೆದಿದ್ದಳು. ನಲವತ್ತನೆಯ ದಿನ ಒಕ್ನಾಂ ಬೆಲ್ಟಿಗೆ ಬಂದಾಗ, ಅವಳ ಪಕ್ಕದಲ್ಲಿ ನಿಲ್ಲಲು ಮಾಲ್ಸುನಳಿಗೆ ಆ ತೊಳೆದ ಕೈಗಳೇ ನಾಚಿಕೆಯೆನಿಸಿದ್ದವು. ಇಂಥದ್ದರಲ್ಲೂ ತನಗೆ ಹೆಚ್ಚು ಸಿಕ್ಕಿತು ಎಂಬ ನಾಚಿಕೆ.

ಗಂಜಿಯೂ ಕಲ್ಲಿದ್ದಲೇ. ಅದನ್ನು ಎಸೆಯುವುದುಂಟೆ? ಸುರಂಗದಿಂದ ತೋಡಿ ತೆಗೆದದ್ದನ್ನು ಅಂಗಳದಲ್ಲಿ ಹರಡಿ, ನೀರು ಬಸಿದ ಮೇಲೆ ಬೆಲ್ಟಿಗೆ ಬಿಟ್ಟರು. ಒಕ್ನಾಂ ಕೆಲಸಕ್ಕೆ ಬಂದ ನಾಲ್ಕನೆಯ ದಿನ ಅದು. ಹೊಸಬರಿಗೆ ಬೆಲ್ಟು ತಲೆ ತಿರುಗಿಸುತ್ತದೆ. ಅವಳು ವಾಂತಿ ಮಾಡಿಕೊಂಡು ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೂತಿದ್ದಳು, ಅವಳ ಜಾಗವನ್ನೂ ಮಾಲ್ಸುನಳೇ ನೋಡಿಕೊಳ್ಳುತ್ತಿದ್ದಳು. ಮಧ್ಯಾಹ್ನದ ಹೊತ್ತು, ಕೆಸರಿನ ಮುದ್ದೆಗಳ ನಡುವೆ ಬೂಟಿನ ಅಡಿ ಕಂಡಿತು. ಎರಡೂ ಕೈಯಲ್ಲಿ ಎತ್ತಿದಳು. ಎತ್ತಿದ್ದು ಒಂದು ಉಸಿರಿನಷ್ಟು ಹೊತ್ತು. ತಲೆಯೆತ್ತಿದರೆ, ಕಬ್ಬಿಣದ ಮೆಟ್ಟಿಲ ಮೇಲೆ ಮೇಸ್ತ್ರಿ ತಾಕ್ ನಿಂತಿದ್ದ. ಹಿಂದಿನ ವಾರವಷ್ಟೇ ಅವಳು ಗಂಟೆಯ ಹಗ್ಗ ಎಳೆದು ಬೆಲ್ಟು ನಿಲ್ಲಿಸಿದ್ದಳು, ಸಿಡಿಮದ್ದು ಸುತ್ತಿದ ಬಟ್ಟೆಯಿರಬೇಕೆಂದು. ಬಿಚ್ಚಿದರೆ ಬರೀ ಚಿಂದಿ. ತಾಕ್ ಆ ಚಿಂದಿಯನ್ನು ಅವಳ ಕೊರಳಿಗೆ ಸುತ್ತಿ, ಪಾಳಿ ಮುಗಿಯುವ ತನಕ ತೆಗೆಯಬಾರದೆಂದಿದ್ದ. ಹೆಂಗಸರು ಅವಳ ಕಡೆ ನೋಡದೆ ಕೆಲಸ ಮಾಡಿದ್ದರು; ಆದರೆ ಕಣ್ಣು ಓದಲು ಕಲಿತವಳಿಗೆ ಅವರು ನಗು ತಡೆದುಕೊಂಡಿದ್ದು ತಿಳಿದಿತ್ತು. ಬೂಟನ್ನು ಅವಳು ಕಸದ ಗಾಡಿಗೂ ಹಾಕಲಿಲ್ಲ, ಹಗ್ಗವನ್ನೂ ಎಳೆಯಲಿಲ್ಲ. ಎಲ್ಲಿಂದ ಎತ್ತಿದಳೋ ಅಲ್ಲೇ ಇಟ್ಟಳು. ಅದು ಎಡಗಡೆಗೆ ಹೋಯಿತು. ಎಡಗಡೆಯಲ್ಲಿ ಪುಡಿ ಮಾಡುವ ಯಂತ್ರವಿತ್ತು. ಆ ಸದ್ದಿನಲ್ಲಿ ಬೇರೆ ಸದ್ದು ಕೇಳುವಂತಿರಲಿಲ್ಲ, ಆದರೂ ಅವಳು ಕಿವಿಗೊಟ್ಟಿದ್ದಳು.

ಆಮೇಲೆ ವರ್ಷಗಳು ಉರುಳಿದ ಹಾಗೆ ಅದು ತನ್ನಷ್ಟಕ್ಕೆ ಬೇರೆ ರೂಪ ತಾಳಿತು. ಗೋಡೆಗೊರಗಿ ಕೂತ ಒಕ್ನಾಂಳ ಮುಖ ದೊಡ್ಡದಾಗುತ್ತ ಬಂತು, ಮೆಟ್ಟಿಲ ಮೇಲಿನ ತಾಕ್ ಚಿಕ್ಕವನಾಗುತ್ತ ಹೋದ. ಬೆಲ್ಟು ನಿಲ್ಲಿಸಿದ್ದರೆ ಅವಳು ಕಣ್ಣು ಬಿಟ್ಟು ನೋಡುತ್ತಿದ್ದಳು, ಹಾಗೆ ನೋಡಬಾರದೆಂದೇ ಬಿಟ್ಟೆ; ಕನಿಕರದಿಂದ ಬಿಟ್ಟೆ. ಪ್ರತಿ ವರ್ಷ ಹಿರಿಯರನ್ನು ನೆನೆಯುವ ಚೂಸೊಕ್ ಹಬ್ಬಕ್ಕೆ ಮೊದಲು ಒಕ್ನಾಂಳ ಜೊತೆ ಬೆಟ್ಟ ಹತ್ತಿ, ಬಟ್ಟೆ ಹೂತ ಗುಡ್ಡೆಯ ಹುಲ್ಲು ಕೊಯ್ಯುವಾಗ ಆ ಕನಿಕರವನ್ನು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ನಯವಾಗಿತ್ತು ಅದು, ಬಾಯಲ್ಲಿ ಇಟ್ಟುಕೊಂಡ ಗೋಲಿಯ ಹಾಗೆ. ಚಳಿಗಾಲದಲ್ಲಿ ಮಾತ್ರ ಕಷ್ಟ. ಗಣಿಯವರು ಆ ಪುಡಿಯನ್ನೇ ಒತ್ತಿಸಿ ಮನೆಮನೆಗೆ ಕೊಡುತ್ತಿದ್ದ ತೂತು ತೂತಿನ ಕಲ್ಲಿದ್ದಲ ಬಿಲ್ಲೆಗಳನ್ನು ಒಲೆಗೆ ಇಡುವಾಗ, ಒಲೆಯ ಬಿಸಿ ಕೆಳಗೆ ಹಾದು ನೆಲ ಬೆಚ್ಚಗಾಗಿ ಬೆನ್ನಿಗೆ ಹಿತವಾದಾಗ, ಪಕ್ಕದ ಗೋಡೆಯಾಚೆ ಒಕ್ನಾಂಳೂ ಅದೇ ಬಿಸಿಯಲ್ಲಿ ಮಲಗಿದ್ದಾಳೆ ಎಂಬುದು ನೆನಪಾದಾಗ, ಎದ್ದು ಕೂತುಬಿಡುತ್ತಿದ್ದಳು.

ಸಾಲುಮನೆಗಳಲ್ಲಿ ಈಗ ದೀಪ ಹತ್ತುತ್ತಿದ್ದುದು ಎರಡರಲ್ಲೇ. ಒಕ್ನಾಂ ಬಾಗಿಲ ಮುಂದೆ ಕೂತು ಮೂಲಂಗಿ ಸೊಪ್ಪನ್ನು ಹಗ್ಗಕ್ಕೆ ಪೋಣಿಸುತ್ತಿದ್ದಳು. ಎಪ್ಪತ್ತನಾಲ್ಕಾದರೂ ನೆಟ್ಟಗಿನ ಬೆನ್ನು. ಬಿಸಿಲು ಬೆಟ್ಟದ ಹಿಂದಕ್ಕೆ ಸರಿಯುತ್ತಿತ್ತು.

"ಬಂದ್ಯಾ ಸಿನಿಮಾದವಳೇ," ಅಂದಳು. "ಬಣ್ಣ ಗಿಣ್ಣ ಹಚ್ಚಿದ್ರಾ ಮುಖಕ್ಕೆ? ನಾಳೆ ನಂಗೂ ಹಚ್ತಾರೇನೋ. ಕೂತ್ಕೋ, ಆ ಕಡೆ ತುದಿ ಹಿಡಿ."

ಮಾಲ್ಸುನ್ ಹಗ್ಗದ ತುದಿ ಹಿಡಿದು ಕೂತಳು. ಹೇಗೆ ಶುರು ಮಾಡುವುದೆಂದು ಬಸ್ಸಿನಲ್ಲಿ ಜೋಡಿಸಿಕೊಂಡಿದ್ದೆಲ್ಲ ಮರೆತುಹೋಗಿತ್ತು.

"ಅಕ್ಕ, ಆ ಹುಡುಗಿ ನಾಳೆ ನಿಂಗೊಂದು ಮಾತು ಕೇಳ್ತಾಳೆ, ಕಲ್ಲು ಬಿಟ್ಟು ಬೇರೆ ಏನು ಬರ್ತಿತ್ತು ಅಂತ. ಅದಕ್ಕೆ ಮುಂಚೆ ನಾನು ಹೇಳ್ಬೇಕು."

"ಹೇಳು. ಹಗ್ಗ ಬಿಗಿ ಹಿಡಿ."

"ನೀನು ಕೆಲಸಕ್ಕೆ ಬಂದ ಹೊಸ್ದು. ವಾಂತಿ ಮಾಡ್ಕೊಂಡು ಗೋಡೆ ಹತ್ರ ಕೂತಿದ್ಯಲ್ಲ, ಆ ದಿನ. ಬೆಲ್ಟಲ್ಲಿ ಒಂದು ಬೂಟು ಬಂತು."

ಒಕ್ನಾಂಳ ಕೈ ನಿಲ್ಲಲಿಲ್ಲ. ಒಂದು ಕಟ್ಟು ಸೊಪ್ಪು ಪೋಣಿಸಿದಳು. ಇನ್ನೊಂದಕ್ಕೆ ಕೈ ಹಾಕಿ, ಅದನ್ನು ತೊಡೆಯ ಮೇಲೆ ಇಟ್ಟುಕೊಂಡಳು.

"ಭಾರ ಇತ್ತಾ?"

ಇದನ್ನೇ ಕೇಳುತ್ತಾಳೆ ಎಂದು ಮಾಲ್ಸುನ್ ಎಣಿಸಿರಲಿಲ್ಲ. ಅಳುತ್ತಾಳೆ, ಬೈಯುತ್ತಾಳೆ, ಯಾಕೆ ಎನ್ನುತ್ತಾಳೆ ಅಂದುಕೊಂಡಿದ್ದಳು. ಇಪ್ಪತ್ತೆರಡು ವರ್ಷ ಕಲ್ಲು ಆರಿಸಿದವಳು ಮೊದಲು ಕೇಳಬೇಕಾದ್ದೇ ಅದು.

"ಇತ್ತು."

"ಕೆಸರಿನ ಭಾರಾನಾ?"

"ಇರ್ಬೋದು ಅಕ್ಕ. ಕೆಸರು ತುಂಬ್ಕೊಂಡಿತ್ತು. ಒಳಗೆ ನೋಡ್ಲಿಲ್ಲ."

"ಕೈ ಹಾಕಿ ನೋಡ್ಬೋದಿತ್ತು."

"ನೋಡ್ಬೋದಿತ್ತು. ಯಾರ್ದು ಅಂತಾನೂ ಹೆಂಗ್ ಹೇಳ್ಲಿ. ಹಳೇ ಬೂಟು ಎಷ್ಟೋ ಬರ್ತಿತ್ತು ಒಳಗಿಂದ." ಮಾತು ಸಿಕ್ಕ ಕೂಡಲೇ ಅದು ತಾನಾಗಿ ಓಡತೊಡಗಿತು. "ನೀನು ಅಲ್ಲೇ ಮೂರು ಹೆಜ್ಜೆ ಆಚೆ ಕೂತಿದ್ದೆ. ಹಗ್ಗ ಎಳೆದಿದ್ರೆ ಎಲ್ಲಾರೂ ಓಡಿ ಬರ್ತಿದ್ರು, ನೀನೂ ನೋಡ್ತಿದ್ದೆ. ಆ ಸ್ಥಿತೀಲಿ ನೀನು ಅದನ್ನ ನೋಡಬಾರ್ದು ಅಂತ, ನಿನ್ನ ಮುಖ ನೋಡಿ..."

"ನನ್ನ ತಲೆಗೆ ಕಟ್ಬೇಡ."

ಒಕ್ನಾಂ ಜೋರಾಗಿ ಹೇಳಲಿಲ್ಲ. ಪಾತ್ರೆ ಇತ್ತ ಕೊಡು ಅಂದ ಹಾಗೆ ಹೇಳಿದಳು. ಮೂವತ್ತೆಂಟು ವರ್ಷ ಬಾಯಲ್ಲಿ ಸುತ್ತಿಸಿದ ಗೋಲಿ ನೆಲಕ್ಕೆ ಬಿದ್ದಿತ್ತು, ಅದರತ್ತ ನೋಡಲೂ ಮಾಲ್ಸುನಳಿಗೆ ಅಸಹ್ಯವಾಯಿತು.

ಒಕ್ನಾಂ ತೊಡೆಯ ಮೇಲಿನ ಸೊಪ್ಪನ್ನು ಕೆಳಗಿಟ್ಟು ಕೇಳಿದಳು: "ಆ ದಿನದ ಮಾಲು ಎಲ್ಲಿಗೆ ಹೋಯ್ತು?"

"ಎಲ್ಲಾ ಹೋಗೋ ಕಡೆಗೇ. ಬಿಲ್ಲೆ ಮಾಡೋ ಕಡೆಗೆ."

ಒಕ್ನಾಂ ತನ್ನ ಮನೆಯೊಳಗೆ ತಿರುಗಿ ನೋಡಿದಳು. ಒಳಗೆ ಈಗ ಎಣ್ಣೆಯ ಒಲೆಯಿತ್ತು. ಹಳೆಯ ಒಲೆಯ ಬಾಯಿಗೆ ಎಂದೋ ಸಿಮೆಂಟು ಮೆತ್ತಿಸಿದ್ದಳು. ಆ ಸಿಮೆಂಟನ್ನೇ ನೋಡುತ್ತ ಕೂತಳು. ಅವಳು ಏನು ಲೆಕ್ಕ ಹಾಕುತ್ತಿದ್ದಾಳೆಂದು ಮಾಲ್ಸುನಳಿಗೆ ತಿಳಿಯಿತು, ಅದೇ ಲೆಕ್ಕವನ್ನು ಅವಳೂ ಎಷ್ಟೋ ಚಳಿಗಾಲ ಹಾಕಿದ್ದಳು: ಯಾವ ತಿಂಗಳು ಕೊಟ್ಟದ್ದು, ಯಾವ ವಾರ ಉರಿಸಿದ್ದು. ಬೇಡ ಅಕ್ಕ ಎನ್ನಬೇಕೆನಿಸಿತು. ಹಾಗೆನ್ನುವ ಹಕ್ಕು ತನಗಿರಲಿಲ್ಲ.

"ಹೋಗು ಮಾಲ್ಸುನ್. ಮನೆಗೆ ಹೋಗು."

"ಈ ಸೊಪ್ಪು..."

"ಹಗ್ಗ ಅಲ್ಲೇ ಬಿಟ್ಟು ಹೋಗು."

ಮರುದಿನ ಬಸ್ಸು ನಿಲ್ಲುವ ಜಾಗದಲ್ಲಿ ಒಕ್ನಾಂ ಮೊದಲೇ ಬಂದು ನಿಂತಿದ್ದಳು, ಹಬ್ಬಕ್ಕೆ ಹಾಕುವ ಕಡುನೀಲಿ ಕೋಟು ತೊಟ್ಟು. ಮಾಲ್ಸುನಳನ್ನು ಯಾರೂ ಕರೆದಿರಲಿಲ್ಲ, ಆದರೂ ಬಂದಿದ್ದಳು. ಖಾಲಿ ಬಸ್ಸಿನಲ್ಲಿ ಇಬ್ಬರೂ ಬೇರೆ ಬೇರೆ ಸೀಟಿನಲ್ಲಿ ಕೂತರು. ಸೇತುವೆಯ ಮೇಲೆ ಒಕ್ನಾಂ ಕಿಟಕಿಯ ಕಡೆ ಮುಖ ಮಾಡಿ ತೊರೆಯನ್ನು ಈ ತುದಿಯಿಂದ ಆ ತುದಿಯ ತನಕ ನೋಡಿದಳು. ಅವಳ ಕುತ್ತಿಗೆಯ ಹಿಂಭಾಗ ಮಾತ್ರ ಮಾಲ್ಸುನಳಿಗೆ ಕಾಣುತ್ತಿತ್ತು. ಅಲ್ಲಿ ಏನೂ ಓದಲಾಗಲಿಲ್ಲ.

ಹಜಾರದಲ್ಲಿ ಒಕ್ನಾಂ ತಲೆಬಟ್ಟೆ ಬೇಡವೆಂದಳು, ಮುಖಗವಸೂ ಬೇಡವೆಂದಳು. ಹೇರಿನ್ ಬೆಲ್ಟು ಶುರು ಮಾಡಿ ಹಳದಿ ಕಲ್ಲು ಬಿಟ್ಟಳು. "ಮೇಸ್ತ್ರಿ ಹಲ್ಲು," ಅಂದಳು ಒಕ್ನಾಂ. ಸೊಪ್ಪಿನ ಕಲ್ಲನ್ನು ಎತ್ತಿ ನೋಡಿ ಹೆಸರು ಹೇಳದೆ ಕೆಳಗಿಟ್ಟಳು. ಮಾಲ್ಸುನ್ ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಈಗ ಗೋಡೆಯ ಬಳಿ ಕೂತವಳು ತಾನು, ಬೆಲ್ಟಿನ ಮುಂದೆ ನಿಂತವಳು ಅವಳು ಎಂದು ಹೊಳೆದು, ಕುರ್ಚಿಯ ಅಂಚನ್ನು ಹಿಡಿದುಕೊಂಡಳು.

"ಸಾಕು ಕಲ್ಲು," ಅಂದಳು ಒಕ್ನಾಂ. "ಆ ಪ್ರಶ್ನೆ ಕೇಳು."

"ಯಾವ್ದು ಅಜ್ಜಿ?"

"ನಿನ್ನೆ ಇವಳಿಗೆ ಕೇಳಿದ್ಯಂತಲ್ಲ. ಕಲ್ಲು ಬಿಟ್ಟು ಬೇರೆ ಏನು ಬರ್ತಿತ್ತು ಅಂತ."

"ಓ, ಹೌದು. ಏನು ಬರ್ತಿತ್ತು ಅಜ್ಜಿ?"

"ನನ್ನ ಗಂಡ ಬಂದ."

ಹೇರಿನ್ ತಮಾಷೆಯೆಂದು ತಿಳಿದು ನಗಲು ಹೋಗಿ ಅರ್ಧಕ್ಕೆ ನಿಲ್ಲಿಸಿದಳು. ಅವಳ ಕೈ ಕ್ಯಾಮೆರಾದ ಗುಂಡಿಯ ಕಡೆಗೆ ಹೋಯಿತು.

"ನಿಲ್ಲಿಸ್ಬೇಡ ಅದನ್ನ. ನೀನು ಗಣಿ ಚರಿತ್ರೆ ಬರೀತಿದೀಯ ತಾನೆ? ಬರ್ಕೋ. ಗಂಜಿ ನುಗ್ಗಿದ ವರ್ಷ ನಾಕು ಜನ ಹೋದ್ರು, ಮೂವರು ಸಿಕ್ಕಿದ್ರು. ನಾಲ್ಕನೆಯವನು ಒಳಗೇ ಉಳಿದ ಅಂತ ಹೊರಗೆ ಕಲ್ಲಿನ ಮೇಲೆ ಕೆತ್ತಿಸಿದ್ದಾರೆ, ನೋಡಿದೀಯ. ಸುಳ್ಳು ಅದು. ಅವನು ಹೊರಗೆ ಬಂದ. ನಾನು ನೋಡ್ಲಿಲ್ಲ. ನೋಡಿದವಳು ಅಲ್ಲಿ ಕೂತಿದ್ದಾಳೆ, ಅವಳನ್ನ ಕೇಳು."

ಹೇರಿನ್ ಒಬ್ಬರಿಂದ ಇನ್ನೊಬ್ಬರ ಕಡೆಗೆ ನೋಡಿದಳು. ಬೆಲ್ಟು ಖಾಲಿಯಾಗಿ ಓಡುತ್ತಲೇ ಇತ್ತು. ಮಾಲ್ಸುನ್ ಎದ್ದು ನಿಂತಳು. ಎದ್ದ ಮೇಲೆ, ಬಾಗಿಲು ಹತ್ತಿರವೇ ಇದೆ ಎಂಬುದೂ, ತನಗೆ ವಯಸ್ಸಾಗಿದೆ, ನೆನಪು ಸರಿಯಿಲ್ಲ ಎಂದರೆ ಈ ಹುಡುಗಿ ನಂಬುತ್ತಾಳೆ ಎಂಬುದೂ ಅವಳಿಗೆ ಸ್ಪಷ್ಟವಾಗಿ ತೋಚಿತು. ಒಕ್ನಾಂಳೇ ಮುಂದೆ ಬಂದು ಜಾಗ ಬಿಟ್ಟುಕೊಟ್ಟಳು, ಪಾಳಿ ಬದಲಾಗುವಾಗ ಬಿಟ್ಟುಕೊಡುತ್ತಿದ್ದ ಹಾಗೆ, ಮೈ ತಾಗದಂತೆ. ಮಾಲ್ಸುನ್ ಹೋಗಿ ಅಲ್ಲಿ ನಿಂತಳು.

"ಮಧ್ಯಾಹ್ನ," ಅಂದಳು. "ಬೂಟು ಬಂತು. ಎರಡೂ ಕೈಯಲ್ಲಿ ಎತ್ತಿದೆ. ಭಾರ ಇತ್ತು." ನಿಂತಳು. "ಕೆಸರಿನ ಭಾರ ಅಲ್ಲ. ಕೆಸರು ಎತ್ತಿ ಎತ್ತಿ ನನ್ನ ಕೈಗೆ ಗೊತ್ತು. ಮೇಸ್ತ್ರಿ ನೋಡ್ತಿದ್ದ. ನಂಗೆ ಯಾರ ಮೇಲೂ ಕನಿಕರ ಬರ್ಲಿಲ್ಲ. ಇನ್ನೊಂದ್ಸಲ ಕೊರಳಿಗೆ ಚಿಂದಿ ಹಾಕಿಸ್ಕೊಳ್ಳೋಕೆ ಹೆದರಿದೆ. ವಾಪಸ್ ಇಟ್ಬಿಟ್ಟೆ."

"ಅದು ಯಾರದ್ದು ಅಂತ..." ಹೇರಿನ್ ದನಿ ತಗ್ಗಿಸಿ ಕೇಳಿದಳು. "ಯಾರದ್ದು ಅಂತ ಆಗ ಗೊತ್ತಿತ್ತಾ ಅಜ್ಜಿ?"

ಒಕ್ನಾಂ ಕಿಟಕಿಯ ಬೆಳಕಿಗೆ ಬೆನ್ನು ಮಾಡಿ ನಿಂತಿದ್ದಳು. ಅವಳ ಮುಖ ಕಾಣುತ್ತಿರಲಿಲ್ಲ.

"ಉಳಿದ ಮೂವರೂ ಎರಡೂ ಬೂಟು ಸಮೇತ ಸಿಕ್ಕಿದ್ರು," ಅಂದಳು ಮಾಲ್ಸುನ್. "ಗೊತ್ತಿತ್ತು. ಮುನ್ ಗ್ವಾನ್ಸಿಕ್‌ದು."

ಆ ಹೆಸರನ್ನು ಅಷ್ಟು ವರ್ಷಗಳಲ್ಲಿ ಒಮ್ಮೆಯೂ ತಾನು ಉಚ್ಚರಿಸಿರಲಿಲ್ಲ, ಗುಡ್ಡೆಯ ಹುಲ್ಲು ಕೊಯ್ಯುವಾಗಲೂ ಅವರು, ಅವರು ಎನ್ನುತ್ತಿದ್ದೆ ಎಂಬುದು ಮಾಲ್ಸುನಳಿಗೆ ಆಗ ತಿಳಿಯಿತು. ಕೂರಬಹುದೇ ಎಂದು ಕೇಳಲು ಒಕ್ನಾಂಳ ಕಡೆ ತಿರುಗಿದಳು.

"ಇನ್ನೊಂದ್ಸಲ ಹೇಳು," ಅಂದಳು ಒಕ್ನಾಂ. "ಜೋರಾಗಿ."

ಮಾಲ್ಸುನ್ ಇನ್ನೊಂದು ಸಲ ಹೇಳಿದಳು.